ಚಿಲಕ ಇದ್ದ ಜಾಗ

"ಎಂಟು ಸಾವಿರ ಸುತ್ತಿಗಾಗುವಷ್ಟು ಎಳೆ" ಅಂದೆ.
ಇಲಿಯಾಸ್ ಸಾಬರು ಕನ್ನಡಕ ಹಣೆಗೇರಿಸಿ
"ಯಾವ ಫ್ಯಾನಿಗಮ್ಮಾ?" ಅಂದರು.
ಫ್ಯಾನಿಗಲ್ಲ, ಬೇಸ್ ಗಿಟಾರಿಗೆ.
ತಂತಿ ನಾಲ್ಕೇ, ಆದರೆ ದಪ್ಪ.
ಕುಂಬಾರಪೇಟೆಯ ಆ ಗೂಡಿನಂಗಡಿ ತುಂಬ
ಸುಟ್ಟ ಮೋಟರುಗಳು ಕರುಳು ಹೊರಚೆಲ್ಲಿ ಬಿದ್ದಿದ್ದವು.
"ಹಾಡೋ ಫ್ಯಾನು ಅನ್ನಿ ಮತ್ತೆ" ಎಂದು
ಕೂದಲಿಗಿಂತ ಸಣ್ಣ ತಾಮ್ರದ ಉರುಳೆಯೊಂದನ್ನು
ತಕ್ಕಡಿಗೆ ಹಾಕಿದರು.

ಹಗಲು ನನ್ನ ಕೆಲಸ ಹಲ್ಲು ಮಾಡುವುದು.
ಕೀಳುವವರು ಬೇರೆ, ಕಟ್ಟುವವಳು ನಾನು:
ಅಚ್ಚಿನಲ್ಲಿ ಯಾರದೋ ಬಾಯಿ ಹಿಡಿದುಕೊಂಡು
ಅವರು ಮುಂದೆ ಕಡಿಯಲಿರುವ ಚಕ್ಕುಲಿಯನ್ನು
ಮೇಣದಲ್ಲಿ ಅಂದಾಜಿಸುವುದು.
ರಾತ್ರಿಯೂ ಅದೇ ಅರ, ಅದೇ ಬೈರಿಗೆ, ಅದೇ ಮಾಸ್ಕು,
ಲಿಂಗರಾಜಪುರದ ನಮ್ಮ ತಾರಸಿಯಲ್ಲಿ
ನೀರಿನ ಟ್ಯಾಂಕಿನ ಕೆಳಗೆ.
ರಸೆಲ್ ಮಾರ್ಕೆಟ್ಟಿಂದ ತಂದ ಎಮ್ಮೆ ಮೂಳೆ
ಮೂರು ಸಲ ಬೇಯಿಸಿ, ಬಿಸಿಲಿಗಿಟ್ಟು, ಕಾಗೆ ಕಾದು,
ನಾಲ್ಕು ಕಚ್ಚು ಕೊರೆದರೆ ಅದೂ ಒಂದು ಹಲ್ಲೇ.
ತಂತಿಯನ್ನು ಬಿಡದೆ ಕಚ್ಚುವ ಹಲ್ಲು.

ಮೈಗೆ ಹಲಸೂರಿನ ಬಾಗಿಲು.
ಕೆಡವಿದ ಮನೆಯದು, ಹಲಸಿನದೇ;
ಊರ ಹೆಸರಲ್ಲಷ್ಟೇ ಉಳಿದಿದೆ ಅಂದುಕೊಂಡಿದ್ದ ಮರ.
"ವೀಣೆ ಮಾಡೋ ಮರ ಕಣಮ್ಮ ಇದು" ಎಂದು
ಹಳೇ ಬಾಗಿಲ ವ್ಯಾಪಾರಿ ಇನ್ನೂರು ಏರಿಸಿದ.
ಕೆರೆದೆ. ಹಸಿರು ಬಣ್ಣ, ಅದರಡಿ ನೀಲಿ,
ಅದರಡಿ ಮತ್ತೊಂದು, ಹಠಮಾರಿ, ಹಸಿರು.
ಆಮೇಲೆ ತಟ್ಟನೆ ಅರಿಶಿನದಂಥ ಮೈ,
ಅದರಲ್ಲೊಂದು ತೂತು.
ಯಾರೋ ರಾತ್ರಿ ಒಳಗಿಂದ ಹಾಕಿಕೊಳ್ಳುತ್ತಿದ್ದ ಚಿಲಕದ್ದು.
ಅಳೆದರೆ ಸರಿಯಾಗಿ
ವಾಲ್ಯೂಮ್ ತಿರುಗಣಿಯ ಜಾಗಕ್ಕೇ ಬಂತು.

ಬಂತು ಅನ್ನುವುದು ಸುಳ್ಳು.
ನಾನೇ ನಕ್ಷೆಯನ್ನು ಒಂದೂಕಾಲು ಇಂಚು
ಆ ಕಡೆ ಜರುಗಿಸಿದೆ.

ಇದು ಐದನೆಯದು.
ಮೊದಲನೆಯದರ ಕತ್ತು ಏಪ್ರಿಲಿಗೆ ಬಿಲ್ಲಾಯಿತು.
ಎರಡನೆಯದು ಹೊತ್ತವರ ಭುಜ ಕೇಳಿತು.
ಮೂರನೆಯದರ ಮಾತು ಬೇಡ.
ನಾಲ್ಕನೆಯದನ್ನು ಫ್ಲಾವಿಯಾ ಒಂದೂವರೆ ವರ್ಷ ನುಡಿಸಿ
"ಒಳ್ಳೇದೇ, ಆದ್ರೆ ನಂಜೊತೆ ಮಾತಾಡಲ್ಲ ಕಣೇ" ಎಂದು
ಮದುವೆ ಮುರಿದವಳ ಹಾಗೆ ತಂದಿಟ್ಟು ಹೋದಳು.
ಅದರ ಹೊಟ್ಟೆ ಏಳು ಸಲ ಬಿಚ್ಚಿ ಹೊಲಿದಿದ್ದೇನೆ.
ಇನ್ನೂ ಮಾತಿಲ್ಲ.

ಆರು ಸಾವಿರದ ಇನ್ನೂರ ಹದಿನಾಲ್ಕನೇ ಸುತ್ತಿಗೆ
ಕೆಳಗಿನ ಮನೆಯ ಮಿಕ್ಸಿ ಕಿರುಚಿ, ಬೆರಳು ಬೆಚ್ಚಿ,
ಎಳೆ ಹೋಯಿತು.
ಹೋದದ್ದು ಕಣ್ಣಿಗೂ ಕಾಣುವುದಿಲ್ಲ;
ಬೆರಳಿಗೆ ಮಾತ್ರ ಏನೋ ಹಗುರ.
ಒಂದು. ಎರಡು. ಮೂರು.

ಕತ್ತಿನೊಳಗಿನ ಸರಳನ್ನು ಕಾಲು ಸುತ್ತು ತಿರುಗಿಸಿ
ಒಂದು ದಿನ ಕಾಯಬೇಕು.
ಮರಕ್ಕೆ ಹೇಳಿದ್ದು ಕೇಳಿಸಲು ಅಷ್ಟು ಹೊತ್ತು.

ಶನಿವಾರ ಸಂಜೆ ತಂತಿ ಏರಿಸಿ ಆಂಪಿಗೆ ಚುಚ್ಚಿದರೆ
ಬರೀ ಗುಂಯ್.
ಬೆಸ್ಕಾಂನವರ ಅಷ್ಟೂ ಕರೆಂಟು
ನನ್ನ ಸುರುಳಿಯೊಳಗೆ ಜೇನು ಕಟ್ಟಿದ ಹಾಗೆ.
ಗಾಬರಿಯಲ್ಲಿ ಅಂಗೈ ತಂತಿಯ ಮೇಲಿಟ್ಟೆ,
ನಿಂತಿತು. ತೆಗೆದೆ, ಗುಂಯ್. ಇಟ್ಟೆ, ನಿಶ್ಶಬ್ದ.
ಯಾರಾದರೂ ಮುಟ್ಟಿಕೊಂಡೇ ಇರಬೇಕಂತೆ ಇದನ್ನು.

ಫ್ಲಾವಿಯಾ ಕೂತು, ಚಪ್ಪಲಿ ಬಿಟ್ಟು,
ಎಲ್ಲಕ್ಕಿಂತ ದಪ್ಪದ ತಂತಿಯನ್ನು ಒಮ್ಮೆ, ಒಮ್ಮೆಯೇ ಮೀಟಿದಳು.
ತಲೆಯ ಮೇಲೆ ಟ್ಯಾಂಕಿನ ನೀರು ಕೇಳಿಸಿಕೊಂಡಿತು.
ಮೆಟ್ಟಿಲಲ್ಲಿ ಸದ್ದು. ಎರಡು ಬಿಂದಿಗೆ ಹಿಡಿದು
ಏದುಸಿರಲ್ಲಿ ಕೆಳಗಿನ ಮನೆಯ ಅರುಳಮ್ಮ:
"ಮೋಟರ್ ಓಡ್ತಿದೆಯಲ್ಲ, ಕಾವೇರಿ ಬಂತಾ?"

ನಾಚಿಕೆಯಾಗಿ
ತಿರುಗಣಿಯನ್ನು ಮೆಲ್ಲಗೆ ಎಡಕ್ಕೆ,
ಪೂರ್ತಿ ಎಡಕ್ಕೆ ಜರುಗಿಸಿದೆ.

"ತೆಗಿ" ಅಂದಳು ಫ್ಲಾವಿಯಾ.